ಆಟದ ಮೇಜಿಗೆ ದೊಡ್ಡ ಗನ್‌ಶಿಪ್: ಯಾವ ಕಂಬ, ಯಾವ ಬಣ್ಣ?

ಪುಟ್ಟ ಸೈನಿಕ ಬೊಂಬೆಗಳನ್ನು ತಾವೇ ಜೋಡಿಸಿ, ಬಣ್ಣ ಹಚ್ಚಿ ಮೇಜಿನ ಮೇಲೆ ಆಡುವ ವಾರ್‌ಹ್ಯಾಮರ್ 40,000 ಯುದ್ಧದಾಟದ ವ್ಯಾಲ್ಕಿರಿ, ಸ್ಟಾರ್ಮ್‌ರೇವನ್ ಗಾತ್ರದ ವಿಮಾನಕ್ಕೆ ಕೈ ಹಾಕಿದವರು ಮೊದಲು ಎದುರಿಸಬೇಕಾದದ್ದು ರೆಕ್ಕೆಯ ಬಯಲನ್ನು. 28 ಮಿ.ಮೀ. ಸೈನಿಕನ ಮೈಮೇಲೆ ಕುಂಚದ ಗೆರೆ, ಧೂಳಿನ ಕಣ, ಕೊಂಚ ದಪ್ಪಗಾದ ಪ್ರೈಮರ್ (ಬಣ್ಣದಡಿಯ ಮೊದಲ ಪದರ) ಎಲ್ಲವೂ ಬಟ್ಟೆಯ ಮಡಿಕೆಗಳಲ್ಲಿ ಅಡಗಿಬಿಡುತ್ತವೆ. ಅಂಗೈ ಅಗಲದ ಸಪಾಟು ರೆಕ್ಕೆಯ ಮೇಲೆ ಒಂದೂ ಅಡಗುವುದಿಲ್ಲ. ಎರಡನೆಯದು ತೂಕ. ಮೂರನೆಯದು ಕೈಗಳು: ಪ್ರತಿ ಸರದಿಯಲ್ಲೂ ಎತ್ತಿ, ತಿರುಗಿಸಿ, ಮತ್ತೆ ಇಡುತ್ತಾರೆ. ಗಾಜಿನ ಬೀರುವಿಗೆ ಮಾಡಿದ ಮಾದರಿಗೆ ಈ ಕಾಟವಿಲ್ಲ. ಇಲ್ಲಿನ ಹೋಲಿಕೆಗಳೆಲ್ಲ ಆಟಕ್ಕೆ ಇಳಿಯುವ ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು.

ಬಣ್ಣದ ಡಬ್ಬಿ ತೆರೆಯುವ ಮುಂಚೆಯೇ, ವಿಮಾನವನ್ನು ಬೇಸಿನ (ಪೀಠದ) ಮೇಲೆ ಎತ್ತಿ ಹಿಡಿಯುವ ಕಂಬದ ತೀರ್ಮಾನ ಆಗಬೇಕು. ವಿಮಾನದ ಒಡಲು ಅಂಟಿಸಿ ಮುಚ್ಚಿದ ಮೇಲೆ ಒಳಗಿನಿಂದ ಬಲ ಕೊಡಲು ದಾರಿ ಇರುವುದಿಲ್ಲ.

ಕಿಟ್ ಜೊತೆ ಬರುವ ಪಾರದರ್ಶಕ ಕಂಬ ನೋಡಲು ಚೆನ್ನ, ಆದರೆ ಬಾಗುವ ಗುಣ ಅದಕ್ಕಿಲ್ಲ. ತೋಳು ತಗುಲಿದರೆ ಬುಡದಲ್ಲೇ ಲಟಕ್ಕನೆ ಮುರಿಯುತ್ತದೆ. ಸೂಪರ್ ಗ್ಲೂ ಹಾಕಿ ಕೂಡಿಸಿದರೆ ಮುಂದಿನ ಸಲ ಅದೇ ಜಾಗದಲ್ಲಿ ಬಿಡುತ್ತದೆ. 6 ಮಿ.ಮೀ. ಅಕ್ರಿಲಿಕ್ ರಾಡ್ ಇದಕ್ಕಿಂತ ಎಷ್ಟೋ ಮೇಲು. ಪಾರದರ್ಶಕತೆ ಉಳಿಯುತ್ತದೆ, ಸ್ವಲ್ಪ ಬಳುಕುತ್ತದೆ. ಪ್ಲಾಸ್ಟಿಕ್ ಕಿಟ್‌ಗೆ ಇಷ್ಟು ಸಾಕು. ಅದೇ ಆಟದ ತಯಾರಕರ ಫೋರ್ಜ್ ವರ್ಲ್ಡ್ ವಿಭಾಗದ ಥಂಡರ್‌ಹಾಕ್‌ನಂಥ, ರೆಸಿನ್‌ನಲ್ಲಿ (ಅಚ್ಚಿಗೆ ಹೊಯ್ದ ರಾಳದಲ್ಲಿ) ಮಾಡಿದ ಮಾದರಿಗೆ ಸಾಲದು. ರೆಸಿನ್ ತುಂಡುಗಳಲ್ಲಿ ಹಲವು ಗಟ್ಟಿ ಎರಕ, ಟೊಳ್ಳಲ್ಲ, ಹಾಗಾಗಿ ಭಾರ ಹೆಚ್ಚು. ಅಲ್ಲಿ ನಮ್ಮ ಆಯ್ಕೆ ಹಿತ್ತಾಳೆ ಕೊಳವೆ: ಒಡಲೊಳಗೆ 5 ಮಿ.ಮೀ. ಕೊಳವೆಯನ್ನು ಎಪಾಕ್ಸಿಯಲ್ಲಿ (ಎರಡು ಭಾಗ ಬೆರೆಸುವ ಅಂಟಿನಲ್ಲಿ) ಹೂತು, ಅದರೊಳಗೆ ಜಾರುವ 4 ಮಿ.ಮೀ. ಕೊಳವೆಯನ್ನೇ ಕಂಬ ಮಾಡುವುದು. ಆಟ ಮುಗಿದ ಮೇಲೆ ಎಳೆದು ತೆಗೆದರಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಮುತ್ತಲ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕುವಾಗ ದಪ್ಪ ಅಳೆಯುವ ವರ್ನಿಯರ್ ಜೊತೆಗಿರಲಿ. ಹೊರ ಅಳತೆ ಸರಿ ಇದ್ದರೂ ಕೊಳವೆಯ ಗೋಡೆ 0.5 ಮಿ.ಮೀ.ಗಿಂತ ದಪ್ಪವಿದ್ದರೆ ಒಂದರೊಳಗೊಂದು ಹೋಗುವುದಿಲ್ಲ. ಎರಡನ್ನೂ ಅಂಗಡಿಯಲ್ಲೇ ತೂರಿಸಿ ನೋಡಿ ಕೊಳ್ಳಿ.

ತೂತಿನ ಜಾಗ ಕಣ್ಣಂದಾಜಲ್ಲಿ ಬೇಡ. ರೆಕ್ಕೆ, ಕ್ಷಿಪಣಿ, ಬಾಗಿಲ ಬಂದೂಕು ಎಲ್ಲವನ್ನೂ ಟೇಪ್‌ನಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ಒಡಲನ್ನು ಒಂದು ಪೆನ್ಸಿಲ್ ಮೇಲೆ ಅಡ್ಡಲಾಗಿ ತೂಗಿಸಿ. ನಿಂತ ಬಿಂದುವೇ ಕಂಬದ ಬಿಂದು. ಬಾಲ ಭಾರವಾಗಿ ಬಿಂದು ತೀರಾ ಹಿಂದೆ ಹೋದರೆ ಮೂತಿಯೊಳಗೆ ಎಂ-ಸೀಲ್ ಉಂಡೆಯಲ್ಲಿ ಸಣ್ಣ ನಟ್ಟುಗಳನ್ನು ಹುದುಗಿಸಿ. ಮೇಲ್ಮೈಯ ಸಂದು ಮುಚ್ಚಲು ಎಂ-ಸೀಲ್ ಒರಟು. ಒಳಗೆ ತೂಕ ಹಿಡಿದಿಡಲು ಮಾತ್ರ ಅದಕ್ಕೆ ಸಾಟಿ ಇಲ್ಲ. 120×92 ಮಿ.ಮೀ. ಅಂಡಾಕಾರದ ಬೇಸಿನ ಕೆಳಗೆ ಅದೇ ಆಕಾರದ 3 ಮಿ.ಮೀ. ಉಕ್ಕಿನ ತಗಡು ಕೊಟ್ಟರೆ ಸುಮಾರು 200 ಗ್ರಾಂ ಸೇರುತ್ತದೆ. ಪ್ಲಾಸ್ಟಿಕ್ ವಿಮಾನ ಮತ್ತೆ ಮಗುಚುವುದಿಲ್ಲ.

ಕಳಚುವ ಭಾಗಗಳಿಗೆ ಮ್ಯಾಗ್ನೆಟ್ಟೋ ಪಿನ್ನೋ ಎಂಬ ಚರ್ಚೆ ಎಲ್ಲೆಡೆ ಕೇಳಿಬರುತ್ತದೆ. ನಮ್ಮ ಉತ್ತರ: ರೆಕ್ಕೆಗೆ ಎರಡೂ ಬೇಕು. 6×3 ಮಿ.ಮೀ. ನಿಯೋಡೈಮಿಯಮ್ ಮ್ಯಾಗ್ನೆಟ್ ಜೋಡಿ ರೆಕ್ಕೆಯನ್ನು ಎಳೆದು ಹಿಡಿಯುತ್ತದೆ, ಆದರೆ ತಿರುಗುವುದನ್ನು ತಡೆಯುವುದಿಲ್ಲ. ರೆಕ್ಕೆ ಮೆಲ್ಲನೆ ಜೋತುಬೀಳುತ್ತದೆ. ಪಕ್ಕದಲ್ಲೇ 2 ಮಿ.ಮೀ. ಹಿತ್ತಾಳೆ ಪಿನ್ ಒಂದಿದ್ದರೆ ಕೋನ ಅಲುಗುವುದಿಲ್ಲ. ಬಂದೂಕು, ಕ್ಷಿಪಣಿಗಳಿಗೆ 3×2 ಸಾಕು. ಮ್ಯಾಗ್ನೆಟ್ ಕಿತ್ತು ಬರುವುದು ಯಾವಾಗಲೂ ಅಂಟಿನಲ್ಲಿ: ಅದರ ನಿಕಲ್ ಲೇಪನ ನುಣುಪು, ಸೂಪರ್ ಗ್ಲೂಗೆ ಹಿಡಿತ ಸಿಗುವುದಿಲ್ಲ. 400ರ ಎಮರಿಯಲ್ಲಿ ಹಿಂಬದಿಯನ್ನು ಉಜ್ಜಿ, ಐದು ನಿಮಿಷದ ಎಪಾಕ್ಸಿ ಹಾಕಿ, ಗಟ್ಟಿಯಾಗುವವರೆಗೆ ಜೋಡಿಯನ್ನು ದೂರ ಇಡಿ. ಧ್ರುವ ತಪ್ಪದಿರಲು ಸೇರುವ ಮುಖಗಳಿಗೆ ಮೊದಲೇ ಮಾರ್ಕರ್ ಚುಕ್ಕೆ.

ಮೈಮೇಲೆ ಹೊಸ ಕವಚ, ಹೆಚ್ಚುವರಿ ಎಂಜಿನ್ ಬಾಯಿ, ಸರಕು ಪೆಟ್ಟಿಗೆ ಸೇರಿಸುವುದಕ್ಕೆ ಸ್ಟೈರೀನ್ (ಕಿಟ್‌ನದೇ ಬಗೆಯ ಪ್ಲಾಸ್ಟಿಕ್) ಹಾಳೆಯೂ ಇದೆ, ರೆಸಿನ್ 3ಡಿ ಪ್ರಿಂಟೂ ಇದೆ. ಸಪಾಟು ಕವಚಕ್ಕೆ ಹಾಳೆಯೇ ಸರಿ: ಚಾಕುವಿನಿಂದ ಗೀರಿ ಮುರಿದರೆ ನೇರ ಅಂಚು, ಪ್ಲಾಸ್ಟಿಕ್ ಸಿಮೆಂಟ್ ಸವರಿದರೆ ಎರಡೂ ಕರಗಿ ಒಂದಾಗುತ್ತವೆ. 0.5 ಮಿ.ಮೀ. ಹಾಳೆ ಕವಚಕ್ಕೆ, 1 ಮಿ.ಮೀ. ಪೆಟ್ಟಿಗೆಗೆ. ದುಂಡಗಿನ ಎಂಜಿನ್ ಬಾಯಿಗೆ ಪ್ರಿಂಟ್ ಅನುಕೂಲ. ಬೆಂಗಳೂರಿನಲ್ಲಿ ಪ್ರಿಂಟ್ ಮಾಡಿಕೊಡುವವರಿಗೆ ಬರವಿಲ್ಲ, ಆದರೆ ‘0.05 ಮಿ.ಮೀ. ಪದರ, ರೆಸಿನ್ ಪ್ರಿಂಟರ್’ ಎಂದು ಒತ್ತಿ ಹೇಳಿ. ತಂತಿ ಕರಗಿಸುವ ಪ್ರಿಂಟರ್‌ನ ಪದರಗೆರೆ ಬಣ್ಣದಡಿ ಎದ್ದು ಕಾಣುತ್ತದೆ. ಪ್ರಿಂಟ್ ಆದ ರೆಸಿನ್‌ಗೆ ಪ್ಲಾಸ್ಟಿಕ್ ಸಿಮೆಂಟ್ ನಾಟುವುದಿಲ್ಲ. ಅಲ್ಲಿ ಸೂಪರ್ ಗ್ಲೂ, ಭಾರದ ತುಂಡಾದರೆ ಪಿನ್ ಕೂಡ. ಕಾಕ್‌ಪಿಟ್ ಗಾಜಿನ ಹತ್ತಿರ ಮಾತ್ರ ಸೂಪರ್ ಗ್ಲೂ ಒಯ್ಯಬೇಡಿ, ಅದರ ಆವಿ ಗಾಜಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ. ಗಾಜಿಗೆ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ.

ಇನ್ನು ಬಣ್ಣ. 1 ಮಿ.ಮೀ. ಸ್ಟೈರೀನ್ ಹಾಳೆಯ ತುಂಡುಗಳಲ್ಲಿ ಪ್ಯಾನೆಲ್ ಗೆರೆ (ವಿಮಾನದ ತಗಡುಗಳ ಸಂದಿನಂಥ ಗೆರೆ) ಕೊರೆದು, ಒಂದೊಂದಕ್ಕೂ ಒಂದೊಂದು ವಿಧಾನದಲ್ಲಿ ಪ್ರೈಮರ್ ಮತ್ತು ಮೂಲಬಣ್ಣ ಕೊಟ್ಟು, ಒಂದು ದಿನ ಬಿಟ್ಟು ಪರೀಕ್ಷಿಸುವುದು ನಮ್ಮ ಕ್ರಮ. ಪರೀಕ್ಷೆ ಎರಡೇ: ಮಾಸ್ಕಿಂಗ್ ಟೇಪ್ ಒತ್ತಿ ಕೀಳುವುದು, ಉಗುರಿನಿಂದ ಗೀರುವುದು. ಕುಂಚವನ್ನು ಈ ಸಾಲಿನಿಂದ ಮೊದಲೇ ಬಿಟ್ಟಿದ್ದೇವೆ. ಕಾಕ್‌ಪಿಟ್, ಪೈಲಟ್, ಲಾಂಛನಗಳಿಗೆ ಅದೇ ಬೇಕು. ರೆಕ್ಕೆಗೆ ಎಷ್ಟು ತೆಳ್ಳಗೆ ಹಚ್ಚಿದರೂ ಗೆರೆ ಉಳಿಯುತ್ತದೆ.

ವಾಹನಗಳಿಗೆ ಹೊಡೆಯುವ ಸ್ಪ್ರೇ ಡಬ್ಬಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಅಗ್ಗ, ಒಣಗಿದರೆ ಗಟ್ಟಿ. ಉಗುರಿಗೆ ಜಗ್ಗಲಿಲ್ಲ, ಟೇಪ್‌ಗೂ ಜಗ್ಗಲಿಲ್ಲ. ತೊಂದರೆ ಇರುವುದು ಅದರ ಹರಿವಿನಲ್ಲಿ. ಕಾರಿನ ಬಾಗಿಲಿಗೆ ಬೇಕಾದಷ್ಟು ಬಣ್ಣ ಸುರಿಯುವಂತೆ ಮಾಡಿದ ಮೂತಿ ಅದು. ಹತ್ತಿರದಿಂದ ಹೊಡೆದರೆ ಕೊರೆದ ಗೆರೆ ತುಂಬಿಹೋಗುತ್ತದೆ, ದ್ರಾವಕ ಹೆಚ್ಚಾಗಿ ಸ್ಟೈರೀನ್ ಮೇಲ್ಮೈ ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ. ತೀರಾ ದೂರದಿಂದ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ರವೆಯಂತೆ ಕೂರುತ್ತದೆ. 20ರಿಂದ 25 ಸೆಂ.ಮೀ. ಸರಿಯಾದ ದೂರ. ಗುಂಡಿ ಒತ್ತುವುದು ಮಾದರಿಯ ಆಚೆ, ಬಿಡುವುದೂ ಆಚೆ, ನಡುವೆ ನಿಲ್ಲಬಾರದು. ಹತ್ತು ನಿಮಿಷದ ಅಂತರದಲ್ಲಿ ಮೂರು ತೆಳು ಪದರ. ತಾರಸಿಯಲ್ಲಿ ಹೊಡೆಯುವವರು ಗಾಳಿ ಏಳುವ ಮುಂಚೆ, ಬೆಳಗ್ಗೆ ಹೊಡೆಯುವುದು ಒಳ್ಳೆಯದು. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಆ ದಿನ ಬಿಡಿ.

ನೀರಿನಲ್ಲಿ ಕರಗುವ ಅಕ್ರಿಲಿಕ್ ಅನ್ನು ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಲ್ಲಿ) ಹೊಡೆಯುವುದು ಮನೆಯೊಳಗೆ ಕೆಲಸ ಮಾಡುವವರಿಗೆ ಹಿತ. ವಾಸನೆ ಕಡಿಮೆ, ತೊಳೆಯುವುದು ಸುಲಭ. 0.4 ಮಿ.ಮೀ. ಮೂತಿ, 18ರಿಂದ 20 ಪಿಎಸ್‌ಐ ಒತ್ತಡ, ಕಂಪ್ರೆಸರ್‌ಗೆ 3 ಲೀಟರ್ ಟ್ಯಾಂಕ್. ಟ್ಯಾಂಕ್ ಇಲ್ಲದ ಕಂಪ್ರೆಸರ್‌ನಲ್ಲಿ ಒತ್ತಡ ಮಿಡಿದು ದೊಡ್ಡ ರೆಕ್ಕೆಯ ಮೇಲೆ ಪಟ್ಟೆ ಬೀಳುತ್ತದೆ. ಮಾರ್ಚ್-ಏಪ್ರಿಲ್ ಮಧ್ಯಾಹ್ನದ ಒಣ ಹವೆಯಲ್ಲಿ ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಕಟ್ಟಿಕೊಳ್ಳುತ್ತದೆ, ಮತ್ತೆ ಒಮ್ಮೆಗೇ ಉಗುಳುತ್ತದೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಎರಡು ಹನಿ ಬೆರೆಸಿ, ತೇವದ ಕುಂಚದಿಂದ ತುದಿಯನ್ನು ಆಗಾಗ ಒರೆಸುತ್ತಿರಿ. ತೆಳು ಮಾಡಲು ಬೋರ್‌ವೆಲ್ ನೀರು ಬೇಡ, ಅದರ ಗಡಸು ಬಿಳಿ ಕಲೆಯಾಗಿ ಉಳಿಯುತ್ತದೆ. ಆರ್‌ಓ ನೀರು ಅಥವಾ ಆ ಬಣ್ಣದ್ದೇ ಥಿನ್ನರ್ ಬಳಸಿ. ಅಕ್ರಿಲಿಕ್ ಸೋತದ್ದು ಟೇಪ್ ಪರೀಕ್ಷೆಯಲ್ಲಿ. ವಲೆಹೋ ಬ್ರಾಂಡಿನಂಥ ಪಾಲಿಯುರೆಥೇನ್ ಪ್ರೈಮರ್ ತೊಗಲಿನಂತೆ ಕೂರುವುದರಿಂದ ಅಂಚು ಒಮ್ಮೆ ಎದ್ದರೆ ಉದ್ದಕ್ಕೂ ಸುಲಿದು ಬರುತ್ತದೆ. ಮರುದಿನ ಎಮರಿ ಹಾಕಿದರೂ ಪುಡಿಯಾಗದೆ ಉರುಳೆಯಾಗಿ ಏಳುತ್ತದೆ. ನಾಲ್ಕೈದು ದಿನ ಬಿಟ್ಟರೆ ಸುಧಾರಿಸುತ್ತದೆ. ಪಟ್ಟೆಪಟ್ಟೆ ಮರೆಬಣ್ಣಕ್ಕಾಗಿ (ಕ್ಯಾಮೊಫ್ಲಾಜ್) ಹಲವು ಸಲ ಟೇಪ್ ಸುತ್ತಬೇಕಾದ ವಿಮಾನಕ್ಕೆ ಈ ಕಾಯುವಿಕೆ ದುಬಾರಿ.

ಲ್ಯಾಕರ್, ಅಂದರೆ ಬೇಗ ಆರುವ ದ್ರಾವಕದ ಬಣ್ಣ, ಈ ಪರೀಕ್ಷೆಗಳಲ್ಲಿ ಬಹಳ ಮುಂದೆ ನಿಂತಿತು. ಮಿಸ್ಟರ್ ಫಿನಿಶಿಂಗ್ ಸರ್ಫೇಸರ್ 1500 ಎಂಬ ಲ್ಯಾಕರ್ ಪ್ರೈಮರ್‌ನ ಕಪ್ಪನ್ನು ಲೆವೆಲಿಂಗ್ ಥಿನ್ನರ್ ಜೊತೆ ಒಂದಕ್ಕೆ ಒಂದೂವರೆಯಂತೆ ಬೆರೆಸಿ, 15ರಿಂದ 18 ಪಿಎಸ್‌ಐನಲ್ಲಿ ಹೊಡೆದ ತುಂಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಕೊರೆದ ಗೆರೆಯ ಎರಡೂ ಅಂಚು ಚೂಪಾಗಿಯೇ ಇರುತ್ತವೆ, ನಡುವಿನ ಬಯಲು ಕಲ್ಲಿನ ನುಣುಪಿನಲ್ಲಿ ಮಿನುಗುತ್ತದೆ. ಟೇಪ್ ಕಿತ್ತಾಗ ಏನೂ ಬರಲಿಲ್ಲ. ಕೆಲವು ಗಂಟೆಗಳಲ್ಲೇ 1000ದ ಎಮರಿಯಲ್ಲಿ ನೀರು ಹಾಕಿ ಉಜ್ಜಬಹುದು, ಪುಡಿ ಪುಡಿಯಾಗಿಯೇ ಬರುತ್ತದೆ. ಬೆಲೆ ಮತ್ತು ವಾಸನೆ ಇದರ ಕಷ್ಟ. ಧೂಳಿನ ಮಾಸ್ಕ್ ಇಲ್ಲಿ ಉಪಯೋಗಕ್ಕೆ ಬರದು, ಆರ್ಗ್ಯಾನಿಕ್ ಆವಿ ಹೀರುವ ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಅದೇ ಕೋಣೆಯಲ್ಲಿ ದೇವರ ದೀಪ, ಗ್ಯಾಸ್ ಒಲೆ, ಕಿಡಿ ಹಾರಿಸುವ ಹಳೆಯ ಫ್ಯಾನ್ ಯಾವುದೂ ಉರಿಯುತ್ತಾ, ಓಡುತ್ತಾ ಇರಕೂಡದು. ಇದು ಸಲಹೆಯಲ್ಲ, ಷರತ್ತು.

ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ಸಂಜೆ ಮಳೆಗೆ ಸ್ಪ್ರೇ ಡಬ್ಬಿಯೂ ಲ್ಯಾಕರೂ ಒಂದೇ ರೀತಿ ಬಲಿಯಾಗುತ್ತವೆ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಹವೆಯ ತೇವ ಅಲ್ಲಿ ಕೂತು ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಕಪ್ಪು ಮತ್ತು ಕಡುನೀಲಿಯಲ್ಲಿ ಢಾಳಾಗಿ ಕಾಣುತ್ತದೆ. ನಿಧಾನವಾಗಿ ಆವಿಯಾಗುವ ಲೆವೆಲಿಂಗ್ ಥಿನ್ನರ್ ಇದ್ದರೆ ಏರ್‌ಬ್ರಶ್‌ನಲ್ಲಿ ಈ ಕಾಟ ತಗ್ಗುತ್ತದೆ; ಡಬ್ಬಿಯೊಳಗಿನ ದ್ರಾವಕವನ್ನು ಬದಲಿಸಲಾಗದು. ಮಬ್ಬಾದ ಲ್ಯಾಕರ್ ಮೇಲೆ ಬರೀ ಲೆವೆಲಿಂಗ್ ಥಿನ್ನರ್ ಅನ್ನು ಮಂಜಿನಷ್ಟು ಹಾಯಿಸಿದರೆ ಬಹುಪಾಲು ತಿಳಿಯಾಗುತ್ತದೆ. ಕಂಪ್ರೆಸರ್‌ನ ನೀರು ಹಿಡಿಯುವ ಬಟ್ಟಲನ್ನು ಮಳೆಗಾಲದಲ್ಲಿ ಪ್ರತಿ ಸಲವೂ ಬರಿದು ಮಾಡಿ, ಇಲ್ಲದಿದ್ದರೆ ರೆಕ್ಕೆಯ ನಡುವೆ ನೀರಿನ ಹನಿ ಸಿಡಿಯುತ್ತದೆ.

ಆದ್ದರಿಂದ ನಮ್ಮ ಆಯ್ಕೆ ಬೆರಕೆಯದು: ಪ್ರೈಮರ್ ಮತ್ತು ಮೂಲಬಣ್ಣ ಲ್ಯಾಕರ್‌ನಲ್ಲಿ, ಅದರ ಮೇಲಿನದೆಲ್ಲ ಅಕ್ರಿಲಿಕ್‌ನಲ್ಲಿ. ಈ ಅನುಕ್ರಮ ತಿರುಗಿಸಿದರೆ ಲ್ಯಾಕರ್‌ನ ದ್ರಾವಕ ಕೆಳಗಿನ ಅಕ್ರಿಲಿಕ್ ಅನ್ನು ಸುಕ್ಕಾಗಿಸುತ್ತದೆ. ಏರ್‌ಬ್ರಶ್ ಕೊಳ್ಳುವ ಮನಸ್ಸಿಲ್ಲದವರಿಗೆ ಡಬ್ಬಿ ಪ್ರೈಮರ್, ಅದರ ಮೇಲೆ ಸ್ಪಂಜಿನಲ್ಲಿ ತಟ್ಟಿದ ಅಕ್ರಿಲಿಕ್ ಚೆನ್ನಾಗಿಯೇ ಬರುತ್ತದೆ, ಸವೆದ ಯುದ್ಧವಿಮಾನಕ್ಕೆ ಒಪ್ಪುತ್ತದೆ.

ಬಣ್ಣ ಎದ್ದುಹೋದ ಗುರುತಿಗೂ ಎರಡು ಪಂಥಗಳಿವೆ: ಹೇರ್‌ಸ್ಪ್ರೇ, ಇಲ್ಲವೇ ಸ್ಪಂಜಿನಲ್ಲಿ ಬಣ್ಣ ತಟ್ಟುವುದು. ಹೇರ್‌ಸ್ಪ್ರೇ ಪದರದ ಮೇಲೆ ಬಣ್ಣ ಹೊಡೆದು, ಅರ್ಧ ಗಂಟೆಯೊಳಗೆ ಒದ್ದೆ ಕುಂಚದಿಂದ ಕೆದಕಿದರೆ ನಿಜವಾದ ಸಿಪ್ಪೆಯ ಆಕಾರ ಸಿಗುತ್ತದೆ. ಮೇಲಿನ ಬಣ್ಣ ನೀರಿನ ಅಕ್ರಿಲಿಕ್ ಆಗಿರಲೇಬೇಕು, ಲ್ಯಾಕರ್ ಮೂಲಕ ನೀರು ಇಳಿಯದು. ಆದರೆ ನೀರಿಗೆ ಕರಗುವ ಆ ಪದರ ಅಡಿಯಲ್ಲೇ ಉಳಿಯುತ್ತದೆ, ಬೆವರ ಬೆರಳು ಹಿಡಿಯುವ ಹೊಟ್ಟೆ ಮತ್ತು ರೆಕ್ಕೆಯ ತುದಿಯಲ್ಲಿ ಬಣ್ಣ ತಾನಾಗಿ ಏಳತೊಡಗುತ್ತದೆ. ಅಲ್ಲಿಗೆ ಸ್ಪಂಜು, ಕೈ ತಾಗದ ಬಾಲ ಮತ್ತು ಎಂಜಿನ್ ಗೂಡಿಗೆ ಹೇರ್‌ಸ್ಪ್ರೇ. ಎಲ್ಲಿ ಎಷ್ಟು ಸವೆಸಬೇಕೆಂಬ ಅನುಮಾನ ಬಂದರೆ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ 1961ರಲ್ಲಿ ಮೊದಲು ಹಾರಿದ ಮಾರುತ್ ಬಗೆಯ ನಿಜವಾದ ಯುದ್ಧವಿಮಾನ ನಿಂತಿದೆ, ಅದರ ಹತ್ತಿರ ಹೋಗಿ ನೋಡಬಹುದು. ಪ್ಯಾನೆಲ್ ಅಂಚು, ತೆರೆದು ಮುಚ್ಚುವ ಮುಚ್ಚಳ, ಮೆಟ್ಟುವ ಜಾಗ ಇವನ್ನು ಗಮನಿಸಿ. ರೆಕ್ಕೆಯ ನಟ್ಟನಡುವೆ ಸುಮ್ಮನೆ ಚುಕ್ಕೆ ಚೆಲ್ಲಿದರೆ ವಿಮಾನ ಆಟಿಕೆಯಾಗಿ ಕುಗ್ಗುತ್ತದೆ.

ಕೊನೆಯ ವಾರ್ನಿಶ್‌ನಲ್ಲಿ ಹೊಳಪೇ ಇಲ್ಲದ ಪೂರ್ಣ ಮ್ಯಾಟ್‌ಗಿಂತ ಅರೆಹೊಳಪಿನ ಸ್ಯಾಟಿನ್ ಮೇಲು ಎನ್ನುತ್ತೇವೆ. ಮ್ಯಾಟ್ ಮೇಲ್ಮೈ ಕೈಯಾಡಿದಲ್ಲೆಲ್ಲ ಹೊಳಪೇರಿ ಎಣ್ಣೆಕಲೆಯಂತೆ ಕಾಣುತ್ತದೆ, ಸ್ಯಾಟಿನ್‌ನಲ್ಲಿ ಆ ಭೇದ ತಿಳಿಯುವುದಿಲ್ಲ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಪಟ್ಟಿ) ಇರುವ ಕಡೆ ಮೊದಲು ಹೊಳಪಿನ ವಾರ್ನಿಶ್, ನಂತರ ಡೆಕಾಲ್, ಮತ್ತೆ ಪ್ಯಾನೆಲ್ ಗೆರೆಗೆ ಎನಾಮೆಲ್ ವಾಷ್ (ಗೆರೆಯಲ್ಲಿ ಇಳಿಯುವ ತೆಳು ಬಣ್ಣ), ಅದು ಪೂರ್ತಿ ಆರಿದ ಮೇಲೆ ಸ್ಯಾಟಿನ್. ಎನಾಮೆಲ್ ಆರುವ ಮುಂಚೆ ಫೋಮ್ ಪೆಟ್ಟಿಗೆಯಲ್ಲಿ ಮಲಗಿಸಿದರೆ ಫೋಮ್‌ನ ರಂಧ್ರಗಳ ಅಚ್ಚು ರೆಕ್ಕೆಯ ಮೇಲೆ ಮೂಡುತ್ತದೆ. ಮ್ಯಾಗ್ನೆಟ್ ಹಾಕಿದ ಬೇಸ್ ಇದ್ದರೆ ತಗಡಿನ ಡಬ್ಬಿಯಲ್ಲಿ ನಿಲ್ಲಿಸಿ ಒಯ್ಯಿರಿ, ವಿಮಾನವನ್ನು ಕಂಬದಿಂದ ಬಿಡಿಸಿ, ರೆಕ್ಕೆಗಳನ್ನು ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ.