ನಾಡಕಚೇರಿಯ ಕಿಟಕಿಯಿಂದ ಸಿಇಟಿ ಸೀಟಿನವರೆಗೆ: ಜಾತಿ ಮತ್ತು ಆದಾಯ ಪ್ರಮಾಣಪತ್ರ ಸೇವೆಯ ವಿಮರ್ಶೆ

ಅಣ್ಣನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಗ, ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಗೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಮಾಡಿಸಿಕೊಡುವ ಹೊಣೆ ನನ್ನ ಮೇಲೆ ಬಿತ್ತು. ನಮ್ಮ ಹೋಬಳಿಯ ನಾಡಕಚೇರಿಗೆ ನಾಲ್ಕು ಸಲ ಹೋಗಿಬಂದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಾಲೇಜು ಪ್ರವೇಶದಲ್ಲಿ, ಸರ್ಕಾರಿ ನೌಕರಿಯಲ್ಲಿ ಜಾತಿ ಆಧಾರಿತ ಮೀಸಲಾತಿ ಇರಬೇಕೇ ಬೇಡವೇ ಎಂಬ ವಾದ ಸದನದಲ್ಲಿ, ನ್ಯಾಯಾಲಯದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ನಡೆಯುತ್ತಲೇ ಇರುತ್ತದೆ. ಹಳ್ಳಿಯ ಮಗುವಿಗೆ ಆ ಹಕ್ಕು ದಕ್ಕುತ್ತದೆಯೋ ತಪ್ಪುತ್ತದೆಯೋ ಎಂಬುದು ಮಾತ್ರ ಈ ಕಿಟಕಿಯ ಮುಂದೆ ತೀರ್ಮಾನವಾಗುತ್ತದೆ. ಐದು ನಕ್ಷತ್ರಗಳಲ್ಲಿ ನಾನು ಮೂರನ್ನು ಕೊಡುತ್ತೇನೆ.

ಮೊದಲು ಮೆಚ್ಚಬೇಕಾದುದನ್ನು ಹೇಳುತ್ತೇನೆ. 1996ರಲ್ಲಿ ನನ್ನ ಪ್ರಮಾಣಪತ್ರಕ್ಕಾಗಿ ಅಪ್ಪ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆದರೆಂಬ ಲೆಕ್ಕ ಮನೆಯಲ್ಲಿ ಯಾರಿಗೂ ಇಲ್ಲ. ಕೈಬರಹದ ಆ ಕಾಗದದ ಮೇಲೆ ಬಿದ್ದ ಮೊಹರು ಅರ್ಧ ಅಳಿಸಿಹೋಗಿದ್ದರಿಂದ ಕಾಲೇಜಿನವರು ಅದನ್ನು ಒಪ್ಪದೆ ವಾಪಸು ಕಳಿಸಿದ್ದರು. ಈಗ ಅರ್ಜಿ ಕೊಟ್ಟ ಕೂಡಲೇ ಮೊಬೈಲಿಗೆ ಸಂದೇಶ ಬರುತ್ತದೆ, ಕಡತ ಗ್ರಾಮ ಆಡಳಿತ ಅಧಿಕಾರಿಯ ಬಳಿ ಇದೆಯೋ ಕಂದಾಯ ನಿರೀಕ್ಷಕರ ಬಳಿ ಇದೆಯೋ ತಿಳಿಯುತ್ತದೆ, ಕೈಗೆ ಬರುವ ಪ್ರಮಾಣಪತ್ರದ ಮೇಲೆ ಅದರದೇ ಗುರುತಾದ ಆರ್‌ಡಿ ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಆ ಸಂಖ್ಯೆಯನ್ನು ತುಂಬಿದರೆ ಪರೀಕ್ಷಾ ಪ್ರಾಧಿಕಾರವು ಕಂದಾಯ ಇಲಾಖೆಯ ದಾಖಲೆಯೊಂದಿಗೆ ನೇರವಾಗಿ ತಾಳೆ ನೋಡುತ್ತದೆ. ಮೊಹರು ಅಳಿಸಿದ್ದಕ್ಕೆ ಸೀಟು ಕಳೆದುಕೊಳ್ಳುವ ಭಯ ಈಗಿನ ಮಕ್ಕಳಿಗಿಲ್ಲ. ಇದನ್ನು ರೂಪಿಸಿದವರಿಗೆ ನಾನು ಮನಸಾರೆ ಋಣಿ.

ತೊಡಕು ಎದುರಾದದ್ದು ಎರಡನೆಯ ಭೇಟಿಯಲ್ಲಿ. ನಾವು ಮಡಿವಾಳರು. ಅಣ್ಣ ಇಸ್ತ್ರಿ ಅಂಗಡಿ ನಡೆಸುತ್ತಾನೆ. ಅವನ ಶಾಲಾ ದಾಖಲಾತಿ ಪುಸ್ತಕದಲ್ಲಿ ಆಗಿನ ಮೇಷ್ಟ್ರು ‘ಅಗಸ’ ಎಂದು ಬರೆದಿದ್ದಾರೆ. ಹುಡುಗಿಯ ವರ್ಗಾವಣೆ ಪತ್ರದಲ್ಲಿ ‘ಮಡಿವಾಳ’ ಎಂದಿದೆ. ತಂದೆಯದೊಂದು ಜಾತಿ, ಮಗಳದೊಂದು ಜಾತಿ ಆಗುತ್ತದೆ, ನೋಟರಿ ಅಫಿಡವಿಟ್ ತನ್ನಿ ಎಂದು ಕಿಟಕಿಯ ಒಳಗಿದ್ದವರು ಕಾಗದಗಳನ್ನು ಹಿಂದಕ್ಕೆ ತಳ್ಳಿದರು. ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 2ಎ ಅಡಿಯಲ್ಲಿ ಈ ಎರಡೂ ಹೆಸರುಗಳು ಒಂದೇ ಗುಂಪಿನಲ್ಲಿವೆ. ಆ ಪಟ್ಟಿಯ ಮುದ್ರಿತ ಪ್ರತಿಯನ್ನು ಮರುದಿನ ಒಯ್ದು, ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದ ಮೇಲೆ ಅರ್ಜಿ ಸ್ವೀಕೃತವಾಯಿತು. ನಾನು ಶಾಲಾ ಶಿಕ್ಷಕ, ಪಟ್ಟಿ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಅಣ್ಣನೊಬ್ಬನೇ ಹೋಗಿದ್ದರೆ ಅಂಗಡಿ ಮುಚ್ಚಿ, ಒಂದು ದಿನದ ದುಡಿಮೆ ಬಿಟ್ಟು, ನೋಟರಿಯನ್ನು ಹುಡುಕಿಕೊಂಡು ಹೋಗುತ್ತಿದ್ದ. ಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಗೋಡೆಗೆ ಅಂಟಿಸಲು ಹೆಚ್ಚಿನ ಖರ್ಚೇನೂ ಇಲ್ಲ. ಆ ಕಚೇರಿಯಲ್ಲಿ ಅದು ಇರಲಿಲ್ಲ.

ಅದೇ ದಿನ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು, ಚಿಕ್ಕಪ್ಪನೇ ಸರ್ಕಾರಿ ನೌಕರನಾಗಿರುವಾಗ ಈ ಹುಡುಗಿಗೆ ಮೀಸಲಾತಿ ಏಕೆ ಬೇಕು, ಬಡವರಾದ ತಮ್ಮ ಮೊಮ್ಮಗನಿಗೆ ಏಕಿಲ್ಲ ಎಂದು ಕೇಳಿದರು. ದ್ವೇಷದಿಂದ ಕೇಳಿದ ಪ್ರಶ್ನೆ ಅದಾಗಿರಲಿಲ್ಲವಾದ್ದರಿಂದ ನಾನೂ ಸಮಾಧಾನದಿಂದಲೇ ಉತ್ತರಿಸಿದೆ. 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ಕೊಡುವ ನಮೂನೆ ‘ಎಫ್’ ಪ್ರಮಾಣಪತ್ರ ಜಾತಿಯ ಜೊತೆಗೆ ಆದಾಯವನ್ನೂ ನೋಡುತ್ತದೆ. ತಂದೆ ತಾಯಿಯ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ದಾಟಿದರೆ ಕೆನೆಪದರಕ್ಕೆ ಸೇರುತ್ತಾರೆ, ಅವರ ಮಕ್ಕಳಿಗೆ ಮೀಸಲಾತಿ ಸಿಗುವುದಿಲ್ಲ. ನನ್ನ ಮತ್ತು ನನ್ನ ಹೆಂಡತಿಯ ಸಂಬಳ ಸೇರಿ ಆ ಮಿತಿಯನ್ನು ದಾಟುವುದರಿಂದ ನಾನು ನನ್ನ ಮಗನಿಗೆ ಈ ಅರ್ಜಿ ಹಾಕಿಲ್ಲ, ಹಾಕುವುದೂ ಇಲ್ಲ. ಅಣ್ಣನ ಆದಾಯ ಅದರ ಹತ್ತಿರಕ್ಕೂ ಬರುವುದಿಲ್ಲ. ಅವರ ಮೊಮ್ಮಗನ ಬಡತನಕ್ಕೆ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಸಿಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಊರಿನ ಬಟ್ಟೆಯನ್ನೆಲ್ಲ ಒಗೆದವರ ಮಕ್ಕಳನ್ನು ಶಾಲೆಯ ಹೊಸ್ತಿಲ ಹೊರಗೆ ನಿಲ್ಲಿಸಿದ್ದು ಬಡತನವೊಂದೇ ಅಲ್ಲವೆಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮಪ್ಪನ ಹೆಸರು ಕೇಳಿ, ಗುರುತು ಹಿಡಿದರು.

ಈ ವಾದ ನಮ್ಮ ನೆಲಕ್ಕೆ ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಬಗ್ಗೆ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದಾಗಲೇ ಪ್ರತಿಭೆ ಮತ್ತು ಪ್ರಾತಿನಿಧ್ಯದ ಜಿಜ್ಞಾಸೆ ಮೈಸೂರಿನಲ್ಲಿ ಕಾವೇರಿತ್ತು, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಕಾರಣವಾಗಿತ್ತು. 1962ರಲ್ಲಿ ಮೈಸೂರು ರಾಜ್ಯವು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟದ್ದನ್ನು ಸುಪ್ರೀಂ ಕೋರ್ಟ್ ಬಾಲಾಜಿ ಪ್ರಕರಣದಲ್ಲಿ ರದ್ದು ಮಾಡಿತು. ಮೀಸಲಾತಿ ಶೇ 50 ದಾಟಬಾರದೆಂಬ ಗೆರೆಯ ಮಾತು ಅಲ್ಲಿಂದಲೇ ಬಂತು. ನಮ್ಮಂಥವರ ಮನೆಗಳಿಗೆ ಮೀಸಲಾತಿಯ ಫಲ ಮುಟ್ಟಿದ್ದು 1975ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷ ಎಲ್.ಜಿ. ಹಾವನೂರರು ವರದಿ ಕೊಟ್ಟು, ಮುಖ್ಯಮಂತ್ರಿ ದೇವರಾಜ ಅರಸರು ಅದನ್ನು ಜಾರಿಗೆ ತಂದ ಮೇಲೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದು ಮಾಡುವ ಕೆಲಸವೇನು ಎಂಬುದನ್ನೂ ಹೇಳಬೇಕು, ಏಕೆಂದರೆ ಅದಿದ್ದರೆ ಸೀಟು ಸಿಕ್ಕಂತೆಯೇ ಎಂದು ಬಹಳ ಜನ ನಂಬಿದ್ದಾರೆ. 2ಎ ಪ್ರವರ್ಗದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಅವೆಲ್ಲಕ್ಕೂ ಸೇರಿ ಶೇ 15 ಸೀಟುಗಳಿವೆ. ಕುರುಬರು, ಈಡಿಗರು, ವಿಶ್ವಕರ್ಮರು, ದೇವಾಂಗರು, ಕುಂಬಾರರು, ಸವಿತಾ ಸಮಾಜದವರು ಎಲ್ಲರ ಮಕ್ಕಳೂ ಅದೇ ಸೀಟುಗಳಿಗಾಗಿ ರ‍್ಯಾಂಕಿನ ಮೇಲೆಯೇ ಸ್ಪರ್ಧಿಸುತ್ತಾರೆ. ಒಳ್ಳೆಯ ರ‍್ಯಾಂಕ್ ಪಡೆದ 2ಎ ಅಭ್ಯರ್ಥಿಗೆ ಸಾಮಾನ್ಯ ವರ್ಗದ ಸೀಟೇ ಸಿಗುತ್ತದೆ, ಆಗ ಪ್ರವರ್ಗದ ಸೀಟು ಇನ್ನೊಬ್ಬರಿಗೆ ಉಳಿಯುತ್ತದೆ. ನಮ್ಮ ಹುಡುಗಿಗೆ ನಿಜವಾದ ಸೀಟು ಹಂಚಿಕೆಗೆ ಮುಂಚೆ ನಡೆಯುವ ಅಣಕು ಹಂಚಿಕೆಯಲ್ಲಿ ಏನೂ ಬರಲಿಲ್ಲ. ಮೊದಲ ಸುತ್ತಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಸೀಟು ಬಂತು. ಹೆಸರಿನ ಮುಂದೆ ‘2ಎಆರ್’ ಎಂದಿತ್ತು, ಅಂದರೆ 2ಎ ಒಳಗಿನ ಗ್ರಾಮೀಣ ಸೀಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಇದ್ದ ವ್ಯಾಸಂಗ ಪ್ರಮಾಣಪತ್ರ ಇರದಿದ್ದರೆ ಅದೂ ಕೈತಪ್ಪುತ್ತಿತ್ತು.

ಮುಂದೆ ಅರ್ಜಿ ಹಾಕುವವರು ಸಿಇಟಿ ಅರ್ಜಿ ಕರೆಯುವವರೆಗೆ ಕಾಯಬಾರದು. ದಸರಾ ರಜೆಯಲ್ಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಪ್ರಮಾಣಪತ್ರದಲ್ಲಿನ ಹೆಸರು, ಇನಿಷಿಯಲ್ ಸಮೇತ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇದೆಯೇ ಎಂದು ಅಲ್ಲೇ ನಿಂತು ಓದಿ ನೋಡಿ. ಜಾತಿಯ ಹಕ್ಕು ಸಾಬೀತಾಗದಿದ್ದರೆ ಅಭ್ಯರ್ಥಿಯನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿಬಿಡುತ್ತಾರೆ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ‘ಸಕಾಲ’ ಕಾಯ್ದೆಯ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಡಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಕಾಯ್ದೆಯಲ್ಲಿಯೇ ಇದೆ.

ಎರಡು ನಕ್ಷತ್ರಗಳನ್ನು ನಾನು ತಡೆದಿಟ್ಟದ್ದು ನಮ್ಮ ತೊಂದರೆಗಾಗಿ ಅಲ್ಲ. ನಾಲ್ಕನೆಯ ದಿನ ಕಿಟಕಿಯ ಬಳಿ ಸುಡುಗಾಡು ಸಿದ್ಧ ಸಮುದಾಯದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ನಿಂತಿದ್ದರು. ಪರಿಶಿಷ್ಟ ಜಾತಿಯ ಪ್ರಮಾಣಪತ್ರಕ್ಕೆ ಗಂಡನ ಶಾಲಾ ವರ್ಗಾವಣೆ ಪತ್ರ ತರಬೇಕೆಂದು ಅವರಿಗೆ ಹೇಳಲಾಗಿತ್ತು. “ಶಾಲೆ ಮೆಟ್ಟಿಲೇ ಹತ್ತಿಲ್ಲ ಸ್ವಾಮಿ, ಟಿಸಿ ಎಲ್ಲಿಂದ ತರಲಿ?” ಎಂದು ಅವರು ನನ್ನನ್ನು ಕೇಳಿದರು. ಪರಿಶಿಷ್ಟ ಜಾತಿಯ ಮೀಸಲಾತಿಯನ್ನು 2022ರಲ್ಲಿ ಶೇ 15ರಿಂದ 17ಕ್ಕೆ ಏರಿಸಲಾಗಿದೆ, 2024ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪರಿಶಿಷ್ಟ ಜಾತಿಗಳ ಗುಂಪುಗಳಿಗೆ ಬೇರೆ ಬೇರೆ ಪಾಲು ಕೊಡುವ ಒಳಮೀಸಲಾತಿಯ ಹಂಚಿಕೆಯೂ ನಡೆದು, ಅಲೆಮಾರಿಗಳು ತಮಗೆ ಪ್ರತ್ಯೇಕ ಪಾಲು ಬೇಕೆಂದು ಹೋರಾಡಿದ್ದಾರೆ. ಆ ಯಾವ ಶೇಕಡಾವಾರೂ ಈ ತಾಯಿಯ ಕೈಯಲ್ಲಿ ಕಾಗದವಾಗಿ ಬಂದಿರಲಿಲ್ಲ. ದಾಖಲೆ ಇಲ್ಲದವರಿಗೆ ಸ್ಥಳಕ್ಕೆ ಹೋಗಿ, ನೆರೆಹೊರೆಯವರನ್ನು ವಿಚಾರಿಸಿ ಮಹಜರು ಮಾಡಿಕೊಡಬೇಕೆಂದು ಒಂದು ಮನವಿಯನ್ನು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಬರೆದುಕೊಟ್ಟೆ, ಅವರು ಹೆಬ್ಬೆಟ್ಟು ಒತ್ತಿದರು. ಅವರ ಅರ್ಜಿ ಸಂಖ್ಯೆಯನ್ನು ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ನಿನ್ನೆ ರಾತ್ರಿ ನೋಡಿದಾಗಲೂ ಅದು ಪರಿಶೀಲನೆಯ ಹಂತದಲ್ಲೇ ಇತ್ತು.