ಲೀಗ್ ಆಡೋರಿಗೆ ಲಿಚೆಸ್ ಸಾಕು

ಹುಬ್ಬಳ್ಳಿಯಲ್ಲಿ ಭಾನುವಾರದ ಚೆಸ್ ಟೀಮ್ ಲೀಗ್ ಆಡುವ ಹೊಸಬರು ಕೇಳುವುದು ಒಂದೇ: ಆಟ ಮುಗಿದ ಮೇಲೆ ಬಿಡಿಸಿ ನೋಡೋಕೆ ಯಾವ ಆ್ಯಪ್‌ಗೆ ದುಡ್ಡು ಕಟ್ಟಬೇಕು ಸರ? ಯಾವುದಕ್ಕೂ ಬೇಡ. ಲಿಚೆಸ್ ಅನ್ನೋ ಚೆಸ್ ತಾಣ ಇದೆಯಲ್ಲ. ಫ್ರಾನ್ಸಿನ ತಿಬೋ ಡುಪ್ಲೆಸಿ 2010ರಲ್ಲಿ ಶುರು ಮಾಡಿದ್ದು. ಇವತ್ತಿಗೂ ಪುಕ್ಕಟೆ. ಜಾಹೀರಾತಿಲ್ಲ, ದೇಣಿಗೆ ಮೇಲೆ ನಡೆಯುತ್ತದೆ.

ಮೊನ್ನೆಯ ನನ್ನ ಆಟವನ್ನೇ ತಗೊಳ್ಳಿ. ಎರಡನೇ ಬೋರ್ಡು, ಕರಿ ಕಾಯಿ. ಎದುರಿಗೆ ಧಾರವಾಡದ ಕಾಲೇಜು ಹುಡುಗ. ಅವನು ಇ4, ನಾನು ಸಿ5. ಸಿಸಿಲಿಯನ್ ಅನ್ನೋ ಓಪನಿಂಗ್ (ಆಟದ ಆರಂಭದ ನಡೆಗಳು), ಅದರಲ್ಲೂ ಡ್ರ್ಯಾಗನ್ ಅನ್ನೋ ಬಗೆ. ಅವನು ರಾಣಿ ಕಡೆ ಕ್ಯಾಸಲ್ ಮಾಡಿ (ರಾಜನನ್ನು ಆ ಬದಿಗೆ ಸರಿಸಿ), ಎಚ್ ಸಾಲಿನ ಪಾನ್ (ಕಾಲಾಳು) ನುಗ್ಗಿಸಿ ಬಲಿ ಕೊಟ್ಟ. 16ನೇ ನಡೆಗೆ ಒಂಟೆ ಎಚ್6ಕ್ಕೆ ಬಂತು. ಪಕ್ಕದ ಬೋರ್ಡಿನಿಂದ ನಮ್ಮ ಕ್ಯಾಪ್ಟನ್ ಕಾಕಾ ಇಣುಕಿ ನೋಡಿ ಮುಖ ಸಪ್ಪಗೆ ಮಾಡಿದರು. ನಾನು ಕುದುರೆಯಿಂದ ಇ4 ಪಾನ್ ಹೊಡೆದೆ. ಅವನ ರಾಣಿ ಇ3ಕ್ಕೆ ಬಂತು. ಆಗ ಆನೆಯಿಂದ ಸಿ3 ಕುದುರೆ ಹೊಡೆದೆ. ಲೆಕ್ಕಕ್ಕೆ ಆನೆ ಹೋಗಿ ಕುದುರೆ ಮತ್ತು ಎರಡು ಪಾನ್ ಸಿಕ್ಕವು. ಜೊತೆಗೆ ಅವನ ರಾಜನ ಮುಂದೆ ಪಾನ್‌ಗಳೆಲ್ಲ ಚೆಲ್ಲಾಪಿಲ್ಲಿ. ಉಳಿದದ್ದು ನಿಧಾನದ ಕೆಲಸ, ಗೆದ್ದೆ.

ಮನೆಗೆ ಬಂದು ಎಲ್ಲರೂ ಮೊದಲು ಸ್ಟಾಕ್‌ಫಿಶ್ ಅನ್ನೋ ಇಂಜಿನ್ (ನಡೆ ಲೆಕ್ಕ ಹಾಕುವ ಪ್ರೋಗ್ರಾಂ) ಹಚ್ಚುತ್ತಾರೆ. ಬೇಡ. ಯಾವ ಇಂಜಿನ್ನೂ ನಡೆ ತಪ್ಪು ಅಂತ ಹೇಳುತ್ತದೆ, ಯಾಕೆ ಅಂತ ಮಾತಲ್ಲಿ ಹೇಳುವುದಿಲ್ಲ. ನನಗೆ ಲಿಚೆಸ್‌ನಲ್ಲಿ ಜಾಸ್ತಿ ಬೆಲೆಬಾಳುವುದು ಓಪನಿಂಗ್ ಎಕ್ಸ್‌ಪ್ಲೋರರ್, ಅಂದರೆ ಇದೇ ನಡೆಗಳನ್ನು ಹಿಂದೆ ಯಾರು ಹೇಗೆ ಆಡಿದ್ದಾರೆ ಅಂತ ತೋರಿಸುವ ಭಾಗ. ಅದರಲ್ಲಿ ಮಾಸ್ಟರ್‌ಗಳ ಆಟ ಬೇರೆ, ನಮ್ಮಂಥವರ ಆಟ ಬೇರೆ ತೋರಿಸುತ್ತದೆ. ಇದೇ ದಾರಿಯಲ್ಲಿ 1974ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್‌ಗಳು ಆಡಿದ ಆಟವಿದೆ: ಕಾರ್ಪೋವ್ ಬಿಳಿ, ಕೋರ್ಚ್‌ನಾಯ್ ಕರಿ. ಕಾರ್ಪೋವ್ 16ನೇ ನಡೆಗೆ ಒಂಟೆ ಮುಟ್ಟಲಿಲ್ಲ. ಡಿ4 ಕುದುರೆಯನ್ನು ಸುಮ್ನೆ ಇ2ಕ್ಕೆ ಹಿಂದೆ ಸರಿಸಿದರು. ಅಷ್ಟಕ್ಕೇ ಸಿ3 ಭದ್ರವಾಯಿತು! ಆಟವನ್ನೂ ಗೆದ್ದರು. ಧಾರವಾಡದ ಹುಡುಗ ಆ ಒಂದು ನಡೆ ಆಡಿದ್ದರೆ ನನ್ನ ಆನೆ ಬಲಿಗೆ ಅರ್ಥವೇ ಇರಲಿಲ್ಲ ಅಲ್ವಾ? ಇದನ್ನು ತಿಳಿದ ಮೇಲೆ ಇಂಜಿನ್ ಹಚ್ಚಿ, ಅದು ಹೇಳುವುದು ತಲೆಗೆ ಹೋಗುತ್ತದೆ.

ಟೀಮ್‌ಗೆ ಲಿಚೆಸ್‌ನ ಸ್ಟಡಿ ಅನ್ನೋ ಸೌಲಭ್ಯ, ಅಂದರೆ ಆಟಗಳನ್ನು ಕೂಡಿಟ್ಟು ಹಂಚಿಕೊಳ್ಳುವ ಪುಸ್ತಕದಂಥದ್ದು, ಚೆನ್ನಾಗಿದೆ. ಒಂದರಲ್ಲಿ 64 ಅಧ್ಯಾಯ ಹಿಡಿಯುತ್ತವೆ. ಟಿಪ್ಪಣಿ, ಬಾಣ ಹಾಕಿ ಲಿಂಕ್ ಕಳಿಸಿದರೆ ಆಯಿತು. ಕೈಯಲ್ಲಿ ಬರೆದ ಸ್ಕೋರ್‌ಶೀಟ್ ಮಾತ್ರ ನಾವೇ ಒಂದೊಂದು ನಡೆ ಆಡಿ ತುಂಬಬೇಕು. ಅದೇನೂ ಕಷ್ಟವಲ್ಲ. ನಮ್ಮ ಕಾಕಾರ ಶೀಟ್ ಆದರೆ ಮಾತ್ರ, ಅದು ಕುದುರೆಯೋ ರಾಜನೋ ಅಂತ ಫೋನ್ ಮಾಡಿಯೇ ಕೇಳಬೇಕು.