ಎಚ್‌ಎಫ್ ಮಿಶ್ರತಳಿಯೋ, ಜೆರ್ಸಿ ಮಿಶ್ರತಳಿಯೋ?

ಕೊಟ್ಟಿಗೆಯಲ್ಲಿ ಒಂದೇ ಹಸುವಿಗೆ ಜಾಗವಿದ್ದರೆ, ಹಾಲಿನ ಲೀಟರು ಎಣಿಸುವ ಮೊದಲು ಮೇವು ಎಷ್ಟಿದೆ ಎಂದು ನೋಡಿಕೊಳ್ಳಿ. ಕಪ್ಪು-ಬಿಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಬಕೆಟ್ ತುಂಬಿಸುತ್ತದೆ, ನಿಜ. ಆದರೆ ಶುದ್ಧ ತಳಿಯ ಎಚ್‌ಎಫ್ ಸುಮಾರು 600 ಕಿಲೊ ತೂಗುತ್ತದೆ, ಜೆರ್ಸಿ 400ರ ಆಸುಪಾಸು. ಮಿಶ್ರತಳಿಗಳಲ್ಲೂ ಈ ವ್ಯತ್ಯಾಸ ಕಾಣುತ್ತದೆ. ದೊಡ್ಡ ಮೈಗೆ ದೊಡ್ಡ ಹೊಟ್ಟೆ.

ಎಚ್‌ಎಫ್ ಹಾಲಿನ ಕೊಬ್ಬು ಶೇ 3.5ರ ಸುತ್ತ, ಜೆರ್ಸಿಯದು ಶೇ 5ರ ಹತ್ತಿರ. ಕೊಬ್ಬು ಮತ್ತು ಎಸ್‌ಎನ್‌ಎಫ್ (ಹಾಲಿನಲ್ಲಿರುವ ಕೊಬ್ಬಲ್ಲದ ಘನಾಂಶ) ನೋಡಿ ದರ ಕಟ್ಟುವ ಡೇರಿಗೆ ಹಾಕುವವರಿಗೆ ಇದು ಸಣ್ಣ ಮಾತಲ್ಲ. ಏಪ್ರಿಲ್ ಮಧ್ಯಾಹ್ನ ಜೊಲ್ಲು ಸುರಿಸುತ್ತ ಏದುಸಿರು ಬಿಡುವ ಎಚ್‌ಎಫ್ ಪಕ್ಕದಲ್ಲಿ ಜೆರ್ಸಿ ಮೆಲುಕು ಹಾಕುತ್ತಿರುತ್ತದೆ.

ಹಾಗೆಂದು ಜೆರ್ಸಿ ನಿರ್ದೋಷಿಯಲ್ಲ. ಕರು ಹಾಕಿದ ಒಂದೆರಡು ದಿನದಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಬರುವ ಹಾಲು ಜ್ವರ ಈ ತಳಿಗೇ ಹೆಚ್ಚು. ಮೂರನೇ ಸೂಲಿನಿಂದ ಎಚ್ಚರ ಬೇಕು. ಹೆಸರಿಗೆ ಜ್ವರ, ಮುಟ್ಟಿದರೆ ಕಿವಿ ತಣ್ಣಗೆ! ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿ ಏಳದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ಕೊಳವೆಬಾವಿ, ನೇಪಿಯರ್ ಹುಲ್ಲು, ಕೊಟ್ಟಿಗೆಗೆ ಫ್ಯಾನ್ ಇರುವವರು ಎಚ್‌ಎಫ್ ಕಟ್ಟಲಿ. ಮಳೆ ನಂಬಿದ ಎರಡೆಕರೆಯವರಿಗಾದರೆ ನನ್ನ ಮತ ಜೆರ್ಸಿಗೆ.